ಆನ್ಸೆಲ್ಮನ ಟಿ.ವಿ. ಲೈಸನ್ಸ್

ಆನ್ಸೆಲ್ಮ್ ಮಾರ್ಟಿಸ್ ಸುಳ್ಳು ಹೇಳುವ ಮನುಷ್ಯನಲ್ಲ. ಆದರೆ ಇಂಗ್ಲೆಂಡಿನಿಂದ ಬಂದ ಭಾವಮೈದುನ ನಮ್ಮದೇ ಸೋಫಾದ ಮೇಲೆ ಕುಳಿತು, ನಮ್ಮದೇ ಕೋಳಿ ಸುಕ್ಕ ತಿನ್ನುತ್ತಾ, ನಮ್ಮದೇ ಟಿ.ವಿ.ಯ ಕಡೆ ಕರುಣೆಯಿಂದ ನೋಡಿದರೆ ಎಂಥ ಸತ್ಯವಂತನ ನಾಲಿಗೆಯೂ ಒಂದಿಷ್ಟು ಅತ್ತಿತ್ತ ಹೊರಳುತ್ತದೆ. ಆನ್ಸೆಲ್ಮನದು ಹೊರಳಿತು. ಹೊರಳಿದ್ದು ಮತ್ತೆ ಸ್ವಸ್ಥಾನಕ್ಕೆ ಬರಬೇಕಾದರೆ ಒಂದು ವಾರ ಹಿಡಿಯಿತು.

ಭಾವಮೈದುನನ ಹೆಸರು ಮೆಲ್ವಿನ್. ಲೆಸ್ಟರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಶಿರ್ವದಲ್ಲಿ ತಂಗಿ ರೋಸಿಯ ಮದುವೆಗೆ ಹೊರಟವನು ದಾರಿಯಲ್ಲಿ ದುಬೈಯಲ್ಲಿ ಇಳಿದು, ಅಲ್ ನಹ್ದಾದ ಅಕ್ಕನ ಮನೆಯಲ್ಲಿ ತಂಗಿದ್ದ. ಅಕ್ಕ ಮಗ್ದಲೀನಳಿಗೆ ಮಾತ್ರ ಮದುವೆಗೆ ಹೋಗುವ ಯೋಗವಿರಲಿಲ್ಲ. ಅವಳ ಕ್ಲಿನಿಕ್ಕಿನವರು ರಜೆ ಕೊಡಲಿಲ್ಲ. ತಾಯಿ ತೀರಿಕೊಂಡಿರುವುದರಿಂದ, ಮದುವೆಗೆ ಮುಂಚೆ ನಡೆಯುವ ರೋಸ್ ಎಂಬ ಶಾಸ್ತ್ರದ ದಿನ ತಂಗಿಯ ತಲೆಗೆ ಮೊದಲ ತೆಂಗಿನಹಾಲು ಹೊಯ್ಯಬೇಕಾದವಳು ಅವಳೇ. ಈ ವಿಷಯ ಎತ್ತಿದರೆ ಸಾಕು, ಮಗ್ದಲೀನ್ ಈರುಳ್ಳಿ ಹೆಚ್ಚಲು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಆ ವಾರ ಮನೆಯಲ್ಲಿ ಬಹಳ ಈರುಳ್ಳಿ ಖರ್ಚಾಯಿತು. ಒಂದೇ ಸಮಾಧಾನವೆಂದರೆ ರೋಸ್ ಇಂಟರ್ನೆಟ್ಟಿನಲ್ಲಿ ನೇರಪ್ರಸಾರವಾಗುವುದಿತ್ತು. ಅದನ್ನು ದೊಡ್ಡ ಟಿ.ವಿ.ಯಲ್ಲಿ ಹಾಕಿ ತೋರಿಸುತ್ತೇನೆಂದು ಆನ್ಸೆಲ್ಮ್ ಹೆಂಡತಿಗೆ ಮಾತು ಕೊಟ್ಟಿದ್ದ.

ಇಂಗ್ಲೆಂಡಿನ ನೆಂಟನನ್ನು ಮನೆಯವರು ಮಾತ್ರ ನೋಡಿದರೆ ಸಾಕೇ? ಶುಕ್ರವಾರದ ಊಟಕ್ಕೆ ಎದುರು ಫ್ಲ್ಯಾಟಿನ ಜಯಪಾಲನನ್ನೂ ಕೆಳಗಿನ ಮಹಡಿಯ ಖಮರುದ್ದೀನ್ ದಂಪತಿಯನ್ನೂ ಕರೆಯಲಾಗಿತ್ತು. ಜಯಪಾಲ ಕಾಪುವಿನವನು, ಹೋಟೆಲೊಂದರ ರಿಸೆಪ್ಶನ್ನಿನಲ್ಲಿದ್ದಾನೆ. ಊರಿನ ತುಳುವರು ಕ್ರಿಶ್ಚಿಯನ್ನರನ್ನು ಕರೆಯುವ ರೂಢಿಯಂತೆ ಆನ್ಸೆಲ್ಮನನ್ನು ‘ಪೊರ್ಬುಗಳೇ’ ಎಂದೇ ಕರೆಯುವವನು. ಖಮರುದ್ದೀನ್ ಭಟ್ಕಳದವರು, ಅಲ್ ಮುರಕ್ಕಬಾತಿನಲ್ಲಿ ಬಟ್ಟೆ ಅಂಗಡಿ.

"ನಮ್ಮಲ್ಲಿ ಟಿ.ವಿ. ನೋಡ್ಬೇಕಾದ್ರೆ ಲೈಸನ್ಸ್ ಬೇಕು ಭಾವ," ಎಂದ ಮೆಲ್ವಿನ್, ಎಲುಬನ್ನು ತಟ್ಟೆಯ ಅಂಚಿಗಿಡುತ್ತಾ.

"ಟಿ.ವಿ.ಗಾ? ಕಾರಿಗೆ ಇರುವ ಹಾಗೆ?" ಜಯಪಾಲನ ತುತ್ತು ಅರ್ಧದಲ್ಲೇ ನಿಂತಿತು.

"ಹೌದು. ವರ್ಷ ವರ್ಷ ಕಟ್ಬೇಕು. ಒಂದು ಮನೆಗೆ ಒಂದು ಲೈಸನ್ಸ್, ಮತ್ತೆ ಟಿ.ವಿ. ಎಷ್ಟಿದ್ರೂ ನಡೀತದೆ. ಲೈಸನ್ಸ್ ಇಲ್ಲದಿದ್ರೆ ಇನ್‌ಸ್ಪೆಕ್ಟರ್ ಮನೆಗೇ ಬರ್ತಾನೆ."

"ಅದ್ರಲ್ಲಿ ನೀವು ಎಂತ ನೋಡ್ತೀರಿ?"

"ಏನೂ ಇಲ್ಲ. ನಾನು ನೋಡೋದೆಲ್ಲ ಇಂಟರ್ನೆಟ್ಟಲ್ಲಿ, ಸ್ಟ್ರೀಮಿಂಗ್."

"ಮತ್ತೆ ಕಟ್ಟುವುದು ಯಾಕೆ ಮಾರಾಯ್ರೆ?"

ಈ ಪ್ರಶ್ನೆ ಮೆಲ್ವಿನನಿಗೆ ಅಷ್ಟು ಹಿಡಿಸಲಿಲ್ಲ. "ನನಗೆ ಬೇಡ ಅಂತ ಬರೆದು ಕೊಡಬಹುದು. ಆದ್ರೆ ಬೇಡ ಅಂದವನ ಮನೆಯನ್ನೇ ಅವರು ಮೊದಲು ಹುಡುಕಿಕೊಂಡು ಬರೋದಂತೆ. ಕಟ್ಟಿಬಿಟ್ರೆ ನೆಮ್ಮದಿ. ಅಲ್ಲದೆ ಅದೊಂದು ಸ್ಟ್ಯಾಂಡರ್ಡ್ ಅಲ್ವಾ?" ಎಂದವನು ಟಿ.ವಿ.ಯ ಕಡೆ ತಿರುಗಿ ಆ ಕರುಣೆಯ ನೋಟ ಬೀರಿದ. "ಪಾಪ, ನಿಮ್ಮ ಗಲ್ಫಿನಲ್ಲಿ ಅದೆಲ್ಲ ಎಲ್ಲಿ? ಯಾರು ಬೇಕಾದ್ರೂ ಟಿ.ವಿ. ನೋಡಬಹುದು."

ಹದಿನೈದು ವರ್ಷ ಮರುಭೂಮಿಯಲ್ಲಿ ಬೆವರು ಸುರಿಸಿದವನಿಗೆ ‘ಪಾಪ’ ಎಂದರೆ ಹೇಗಾಗಬೇಡ? ಆನ್ಸೆಲ್ಮನ ಬಾಯಿಂದ ಮಾತು ಜಾರಿತು.

"ಇಲ್ಲಿಯೂ ಉಂಟು."

"ಏನುಂಟು?"

"ಲೈಸನ್ಸ್. ಈಗ ಹೊಸದಾಗಿ ಶುರುವಾದದ್ದು. ಎಲ್ಲರಿಗೂ ಸಿಗುವುದಿಲ್ಲ. ನಂದು ಆಗಿದೆ."

‘ಎಲ್ಲಿ, ತೋರಿಸಿ’ ಎಂದ ಮೆಲ್ವಿನ್. ಆನ್ಸೆಲ್ಮ್ ಕಕ್ಕಾಬಿಕ್ಕಿಯಾದ. ಆದರೆ ಮನುಷ್ಯನಿಗೆ ಕಷ್ಟಕಾಲದಲ್ಲೇ ಬುದ್ಧಿ ಓಡುವುದು. ಟಿ.ವಿ.ಯ ಬೆನ್ನಿನ ಮೇಲೆ ಹಸಿರು ಬಣ್ಣದ ಒಂದು ಸ್ಟಿಕ್ಕರ್ ಇತ್ತು. ಅದರಲ್ಲಿ ಎರಡು ಸಾಲು ಅರಬ್ಬಿ. ಅವನು ಟಿ.ವಿ.ಯನ್ನು ಮೆಲ್ಲಗೆ ತಿರುಗಿಸಿ ಅದರ ಮೇಲೆ ಬೆರಳಿಟ್ಟ. ಮೆಲ್ವಿನ್ ಬಗ್ಗಿ ನೋಡಿದ. ಜಯಪಾಲ ಕೈ ಮುಗಿಯುವುದೊಂದು ಬಾಕಿ. ಅರಬ್ಬಿ ಅಕ್ಷರ ಓದಬಲ್ಲ ಖಮರುದ್ದೀನರ ಕನ್ನಡಕ ಕೆಳಗಿನ ಮನೆಯಲ್ಲಿತ್ತು.

ಶಾಲೆಯಲ್ಲಿ ಅರಬ್ಬಿ ಕಲಿಯುವ ಮಗಳು ಪರ್ಲ್ ಮಾತ್ರ, "ಬಟ್ ಡ್ಯಾಡಿ, ಅದರಲ್ಲಿ ಬರೆದದ್ದು ನೀರು ತಾಗಿಸಬಾರದು ಅಂತ. ಕೀಪ್ ಅವೇ ಫ್ರಮ್ ವಾಟರ್," ಎಂದಳು.

"ದೊಡ್ಡವರು ಮಾತಾಡುವಾಗ ಮಧ್ಯೆ ಬರಬಾರದು. ಹೋಗು, ಮಾವನಿಗೆ ಉಪ್ಪಿನಕಾಯಿ ತಾ," ಎಂದ ಆನ್ಸೆಲ್ಮ್. ಆ ಮಗು ಉಪ್ಪಿನಕಾಯಿ ತರಲು ಹೋಯಿತು. ಸತ್ಯವೂ ಅದರ ಹಿಂದೆಯೇ ಅಡುಗೆಮನೆಗೆ ಹೋಯಿತು.

ಮೆಲ್ವಿನ್ ಮರುದಿನ ಊರಿಗೆ ಹಾರಿದ. ಪ್ರಕರಣ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಗಲ್ಫಿನಲ್ಲಿ ಇರುವವರಿಗೆ ಒಂದು ಕಾಯಿಲೆಯಿದೆ: ತಮಗೆ ಗೊತ್ತಿಲ್ಲದ ಕಾನೂನೊಂದು ಎಲ್ಲೋ ಬಂದುಬಿಟ್ಟಿದೆ, ತಮ್ಮ ಹೆಸರಿನಲ್ಲಿ ದಂಡ ಬೆಳೆಯುತ್ತಾ ಕೂತಿದೆ ಎಂಬ ಅನುಮಾನ. ಸಂಜೆ ಲಿಫ್ಟಿನಲ್ಲಿ ಜಯಪಾಲ ಸಿಕ್ಕಿದ. ಅವನ ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು.

"ಪೊರ್ಬುಗಳೇ, ನನಗೊಂದು ಮಾತು ಹೇಳ್ಲಿಕ್ಕಾಗ್ಲಿಲ್ವಾ ನಿಮಗೆ? ನಿಮ್ಮದು ಮಾತ್ರ ಮಾಡಿಸಿಕೊಂಡು ಕೂತಿದ್ದೀರಲ್ಲ?"

"ನಿನಗೆ ಬೇಕಾಗ್ತದೆ ಅಂತ ನನಗೇನು ಗೊತ್ತು?" ಎಂದ ಆನ್ಸೆಲ್ಮ್.

"ನಾನು ಡಿಶ್ ಇಟ್ಟಿಲ್ಲ, ಕೇಬಲ್ ಇಲ್ಲ. ಬರೀ ಇಂಟರ್ನೆಟ್ಟಲ್ಲಿ ನೋಡುವುದು. ಅದಕ್ಕೂ ಬೇಕಾ? ಇಂಟರ್ನೆಟ್ಟಿಗೆ ಬಿಲ್ಲು ಕಟ್ತೇನೆ, ಪಿಕ್ಚರ್ ನೋಡುವ ಕಂಪನಿಗೆ ತಿಂಗಳು ತಿಂಗಳು ಕಟ್ತೇನೆ. ಅದರ ಮೇಲೆ ಟಿ.ವಿ.ಗೂ ಕಟ್ಟಿ ಏನು ಲಾಭ ಹೇಳಿ?"

ನ್ಯಾಯವಾದ ಪ್ರಶ್ನೆ. ಇದೇ ಪ್ರಶ್ನೆಗೆ ಉತ್ತರ ಸಿಗದೆ ದೊಡ್ಡ ದೊಡ್ಡ ದೇಶಗಳವರು ತಲೆ ಕೆರೆದುಕೊಳ್ಳುತ್ತಿದ್ದಾರೆ. ಆನ್ಸೆಲ್ಮ್ ನಾಲ್ಕನೆಯ ಮಹಡಿಯಿಂದ ನೆಲಕ್ಕೆ ಇಳಿಯುವಷ್ಟರಲ್ಲಿ ಅದನ್ನು ಬಗೆಹರಿಸಿದ.

"ಪರದೆ ಒಂದು ಮೊಳಕ್ಕಿಂತ ದೊಡ್ಡದಿದ್ರೆ ಬೇಕು. ಸಣ್ಣದಾದ್ರೆ ಬೇಡ."

ಅಂದು ರಾತ್ರಿ ಆ ಕಟ್ಟಡದಲ್ಲಿ ಅನೇಕರು ಮೊಣಕೈಯನ್ನು ಟಿ.ವಿ.ಗೆ ಒತ್ತಿಟ್ಟು ಅಳೆದರೆಂದು ಕೇಳಿದ್ದೇನೆ. ಖಮರುದ್ದೀನರ ಟಿ.ವಿ. ಎರಡು ಮೊಳ ದಾಟಿತು. ಅವರ ಹೆಂಡತಿ ಫಾಯಿಝಾ ಸಿಟ್ಟಾದರು. "ನಾನು ಸೀರಿಯಲ್ ನೋಡೋದು ಫೋನಲ್ಲಿ. ಟಿ.ವಿ.ಯಲ್ಲಿ ನೀವು ನೋಡೋದು ಬರೀ ಕ್ರಿಕೆಟ್ಟು. ಲೈಸನ್ಸ್ ಟಿ.ವಿ.ಗೋ, ನೋಡೋರ ಕಣ್ಣಿಗೋ? ಕೇಳ್ಕೊಂಡು ಬನ್ರೀ," ಎಂದು ಗಂಡನನ್ನು ಮೇಲಕ್ಕೆ ಕಳಿಸಿದರು. ಆನ್ಸೆಲ್ಮ್ ಅದಕ್ಕೂ ಒಂದು ತೀರ್ಪು ಕೊಟ್ಟ. ಆಮೇಲೆ ಎರಡನೆಯ ಮಹಡಿಯವರು ಬಂದರು, ಅವರಿಗೂ ಕೊಟ್ಟ. ಆಫೀಸಿನಲ್ಲಿ ಯಾರೂ ಅವನ ಅಭಿಪ್ರಾಯ ಕೇಳಿದ ದಾಖಲೆಯಿಲ್ಲ. ಇಲ್ಲಿ ಜನ ಚಪ್ಪಲಿ ಬಿಟ್ಟು ಒಳಗೆ ಬಂದು ಕೇಳುತ್ತಿದ್ದರು. ಅವನಿಗೆ ಅದು ಸ್ವಲ್ಪ ಹಿತವಾಗಿಯೇ ಇತ್ತು.

"ಸುಳ್ಳಂತ ಹೇಳಿಬಿಡಿ ಇವ್ರೇ," ಎಂದಳು ಮಗ್ದಲೀನ್.

"ಈಗ ಹೇಗೆ ಹೇಳುವುದು? ಮೆಲ್ವಿನ್ ಊರಲ್ಲಿ ಎಲ್ಲರಿಗೂ ಹೇಳಿ ಆಗಿರ್ತದೆ. ಮದುವೆ ಕಳೀಲಿ."

ಮಂಗಳವಾರ ಆಫೀಸಿನಲ್ಲಿ ಚಹಾ ಕುಡಿಯುವಾಗ ಆನ್ಸೆಲ್ಮನ ಫೋನು ಗುಂಯ್ ಎಂದಿತು. ಕಟ್ಟಡದ ವಾಟ್ಸಾಪ್ ಗುಂಪು. ಮೇಲೆ ಕೆಂಪು ಅಕ್ಷರ, ಕೆಳಗೆ ಕೈ ಮುಗಿದ ಚಿತ್ರ: ‘ಎಲ್ಲರ ಗಮನಕ್ಕೆ. ಟಿ.ವಿ. ಲೈಸನ್ಸ್ ಕಡ್ಡಾಯ. ಒಂದು ಮೊಳಕ್ಕಿಂತ ದೊಡ್ಡ ಪರದೆಗಳಿಗೆ ಅನ್ವಯ. ಸ್ಟ್ರೀಮಿಂಗ್ ನೋಡುವವರಿಗೂ ವಿನಾಯಿತಿ ಇಲ್ಲ. ಶುಕ್ರವಾರದಿಂದ ತಪಾಸಣೆ. ತಪ್ಪಿದಲ್ಲಿ ವೀಸಾ ರದ್ದು. ದಯವಿಟ್ಟು ಹತ್ತು ಮಂದಿಗೆ ಕಳಿಸಿ.’

ಅವನು ಚಹಾದ ಲೋಟ ಕೆಳಗಿಟ್ಟು ಮತ್ತೊಮ್ಮೆ ಓದಿದ. ಮೊಳದ ಮಾತು ತಾನೇ ಹುಟ್ಟಿಸಿದ್ದೆಂಬುದು ಅವನಿಗೆ ನೆನಪಿಲ್ಲದೆ ಇರಲಿಲ್ಲ. ಆದರೆ ಶುಕ್ರವಾರದ ತಪಾಸಣೆಯನ್ನು ಅವನು ಹುಟ್ಟಿಸಿರಲಿಲ್ಲ. ವೀಸಾ ರದ್ದತಿಯನ್ನೂ ಹುಟ್ಟಿಸಿರಲಿಲ್ಲ. ಅಬುಧಾಬಿಯ ಖಲೀಫಾ ಸಿಟಿಯಲ್ಲಿರುವ ದೊಡ್ಡಪ್ಪನ ಮಗನೂ ಅದನ್ನೇ ಕಳಿಸಿದ್ದ. ತಾನು ಬಾಯಿಗೆ ಬಂದದ್ದು ಹೇಳಿದ್ದು ನಿಜ, ಆದರೆ ಹೇಗೋ ಅದೇ ಸರಿಯಾಗಿಬಿಟ್ಟಿದೆ ಎಂದು ಆನ್ಸೆಲ್ಮನಿಗೆ ಖಾತ್ರಿಯಾಯಿತು. ಹಾಗಾದರೆ ಇಡೀ ಕಟ್ಟಡದಲ್ಲಿ ಲೈಸನ್ಸ್ ಮಾಡಿಸಲು ಓಡಾಡದೆ ನೆಮ್ಮದಿಯಿಂದ ಮಲಗಿದ್ದವನು ತಾನೊಬ್ಬನೇ!

ತಲೆನೋವೆಂದು ಹೇಳಿ ಆಫೀಸಿನಿಂದ ಹೊರಬಿದ್ದವನು ನೇರ ಅಲ್ ಮುರಕ್ಕಬಾತಿನ ಟೈಪಿಂಗ್ ಸೆಂಟರಿಗೆ ಓಡಿದ. ಸರಕಾರದ ಅರ್ಜಿಗಳನ್ನೆಲ್ಲ ಅರಬ್ಬಿಯಲ್ಲಿ ಹೊಡೆದುಕೊಡುವ ಅಂಗಡಿ ಅದು. ಕಂಪ್ಯೂಟರಿನ ಮುಂದೆ ಕಾಸರಗೋಡಿನ ಮುಹಿಯುದ್ದೀನ್ ಹಣೆಗೆ ಕೈ ಕೊಟ್ಟು ಕೂತಿದ್ದ.

"ಟಿ.ವಿ. ಲೈಸನ್ಸಾ?" ಎಂದ ಅವನು, ಆನ್ಸೆಲ್ಮ್ ಬಾಯಿ ತೆರೆಯುವ ಮೊದಲೇ. "ನಿನ್ನೆಯಿಂದ ಜನ ತಲೆ ತಿಂತಾ ಇದ್ದಾರೆ ಮಾರಾಯ್ರೆ. ನನ್ನ ಕಂಪ್ಯೂಟರಿನಲ್ಲಿ ಅಂಥದ್ದು ಬಂದೇ ಇಲ್ಲ. ಆದ್ರೆ ಬರ್ಬಹುದು. ಅಲ್ ನಹ್ದಾದಲ್ಲಿ ಆನ್ಸೆಲ್ಮ್ ಅಂತ ಒಬ್ಬ ಇದ್ದಾನಂತೆ. ಅವನದ್ದು ಆಗಿದೆಯಂತೆ. ಅವನನ್ನು ಹಿಡೀರಿ, ಎಲ್ಲಿ ಮಾಡಿಸಿದ್ದು ಅಂತ ಕೇಳಿ, ನನಗೂ ಬಂದು ಹೇಳಿ. ನಿಮ್ಮ ಹೆಸರೇನು?"

"ಜಯಪಾಲ," ಎಂದು ಹೇಳಿ ಆನ್ಸೆಲ್ಮ್ ಹೊರಗೆ ಬಂದ.

ಆ ವಾರ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಲಿಫ್ಟ್ ಸದ್ದಾದರೆ ಬಾಗಿಲಿನ ಕಿಂಡಿಗೆ ಕಣ್ಣಿಡುತ್ತಿದ್ದ. ಟಿ.ವಿ. ಹಾಕಬೇಕಾದರೆ ಕಿಟಕಿಯ ಪರದೆ ಎಳೆದು, ಧ್ವನಿ ತಗ್ಗಿಸಿ, ಅಪರಾಧಿಯಂತೆ ವಾರ್ತೆ ನೋಡುತ್ತಿದ್ದ. ಗುರುವಾರ ಅದನ್ನೂ ಬಿಟ್ಟು, ಟಿ.ವಿ.ಗೆ ಕಂಬಳಿ ಸುತ್ತಿ ಬೀರುವಿನಲ್ಲಿ ಮಗ್ದಲೀನಳ ಸೀರೆಗಳ ಹಿಂದೆ ನಿಲ್ಲಿಸಿದ. ನಾಳೆ ರೋಸ್ ಎಂಬುದು ಅವನಿಗೆ ಆ ಗಡಿಬಿಡಿಯಲ್ಲಿ ಮರೆತೇಹೋಯಿತು.

ಮಗ್ದಲೀನ್ ಮರೆತಿರಲಿಲ್ಲ. ಶುಕ್ರವಾರ ಮಧ್ಯಾಹ್ನ ಡ್ಯೂಟಿ ಮುಗಿಸಿ ಬಂದವಳು ತೆಂಗಿನಕಾಯಿ ತುರಿದು ಹಾಲು ಹಿಂಡಿದಳು. ಮದುವೆಗೆಂದು ಕೊಂಡಿದ್ದ ಸೀರೆಯನ್ನೇ ಉಡೋಣವೆಂದು ಬೀರು ತೆರೆದಳು. ಸೀರೆಗಳ ಹಿಂದೆ ಕಂಬಳಿ ಹೊದ್ದು ನಿಂತ ಟಿ.ವಿ. ಕಂಡಳು.

"ಫೋನಿನಲ್ಲಿ ನೋಡುವಾ ಮ್ಯಾಗಿ," ಎಂದ ಆನ್ಸೆಲ್ಮ್. "ಒಂದು ಮೊಳಕ್ಕಿಂತ ಸಣ್ಣದು. ಅಪಾಯ ಇಲ್ಲ."

ಮಗ್ದಲೀನ್ ಈ ಸಲ ಈರುಳ್ಳಿ ಹೆಚ್ಚಲು ಹೋಗಲಿಲ್ಲ. ಅಲ್ಲೇ ಮಂಚದ ಮೇಲೆ ಕೂತು ಅತ್ತಳು. "ಅಮ್ಮ ಇಲ್ಲ. ನಾನೂ ಇಲ್ಲ. ಅವಳ ತಲೆಗೆ ಯಾರ್ಯಾರೋ ಹಾಲು ಹೊಯ್ಯುವುದನ್ನು ನಾನು ಈ ಒಡೆದ ಫೋನಿನಲ್ಲಿ ನೋಡ್ಬೇಕಾ? ಇಷ್ಟು ವರ್ಷದಲ್ಲಿ ನಾನು ನಿಮ್ಮ ಹತ್ರ ಏನು ಕೇಳಿದ್ದೇನೆ?"

ಏನೂ ಕೇಳಿರಲಿಲ್ಲ. ಅದು ಆನ್ಸೆಲ್ಮನಿಗೂ ಗೊತ್ತಿತ್ತು. ವೀಸಾ ಹೋದರೂ ಹೋಗಲಿ ಎಂದುಕೊಂಡು ಟಿ.ವಿ.ಯನ್ನು ಹೊರಗೆ ತಂದು ಹಾಲಿನಲ್ಲಿ ನಿಲ್ಲಿಸಿದ. ಅಷ್ಟರಲ್ಲಿ ಬಾಗಿಲ ಬೆಲ್ ಹೊಡೆಯಿತು.

ಹೊರಗೆ ಜಯಪಾಲ. ಅವನ ತೋಳುಗಳಲ್ಲಿ ಲುಂಗಿ ಸುತ್ತಿದ ಟಿ.ವಿ.

"ಕೆಳಗೆ ತಪಾಸಣೆಗೆ ಬಂದಿದ್ದಾರಂತೆ ಪೊರ್ಬುಗಳೇ! ವಾಚ್‌ಮ್ಯಾನ್ ಹೇಳಿದ. ಒಂದು ಮನೆಗೆ ಒಂದು ಲೈಸನ್ಸ್, ಟಿ.ವಿ. ಎಷ್ಟಿದ್ರೂ ನಡೀತದೆ ಅಂತ ನಿಮ್ಮ ಭಾವಮೈದುನನೇ ಹೇಳಿದ್ದಲ್ವಾ? ಹಾಗಾದ್ರೆ ನನ್ನದು ಇಲ್ಲಿರ್ಲಿ."

ಬೇಡ ಎನ್ನುವ ಮೊದಲೇ ಅವನು ಒಳಗೆ ನುಗ್ಗಿ ಟಿ.ವಿ.ಯನ್ನು ಗೋಡೆಗೆ ಒರಗಿಸಿದ. ಅವನ ಹಿಂದೆಯೇ ಖಮರುದ್ದೀನ್ ಒಂದು ತುದಿ, ಫಾಯಿಝಾ ಒಂದು ತುದಿ ಹಿಡಿದು ತಮ್ಮ ಎರಡು ಮೊಳದ ಟಿ.ವಿ. ತಂದರು. "ಆನ್ಸೆಲ್ಮ್ ಭಾಯ್, ನಿಮ್ಮ ಉಪಕಾರ ಮರೆಯೋದಿಲ್ಲ," ಎಂದರು ಖಮರುದ್ದೀನ್ ಏದುಸಿರು ಬಿಡುತ್ತಾ. ಎರಡನೆಯ ಮಹಡಿಯವರು ಬಂದರು. ಐದನೆಯ ಮಹಡಿಯವರು ಮೆಟ್ಟಿಲಲ್ಲಿ ಇಳಿಸಿಕೊಂಡು ಬಂದರು. ಸ್ವಲ್ಪ ಹೊತ್ತಿನಲ್ಲಿ ಆನ್ಸೆಲ್ಮನ ಹಾಲಿನಲ್ಲಿ ಏಳು ಟಿ.ವಿ.ಗಳು ನಿಂತವು. ಲೈಸನ್ಸ್ ಇಲ್ಲದ ಒಂದು ಟಿ.ವಿ.ಗೆ ಹೆದರಿ ಸತ್ತವನ ಮನೆಯಲ್ಲಿ ಈಗ ಲೈಸನ್ಸ್ ಇಲ್ಲದ ಏಳು. ತಂದವರು ಯಾರೂ ವಾಪಸು ಹೋಗಲಿಲ್ಲ. ತಮ್ಮ ತಮ್ಮ ಟಿ.ವಿ.ಯ ಪಕ್ಕದಲ್ಲೇ ಕಾವಲು ಕೂತರು. ಬಾಗಿಲ ಹೊರಗೆ ಚಪ್ಪಲಿಗಳು ಮೆಟ್ಟಿಲಿನವರೆಗೆ ಹರಡಿದವು.

ಆ ಚಪ್ಪಲಿಗಳನ್ನು ದಾಟಿಕೊಂಡು ಬಂದವನು ಆರಡಿ ಎತ್ತರದ, ಕೈಯಲ್ಲಿ ಟಾರ್ಚ್ ಹಿಡಿದ ಈಜಿಪ್ಟಿನ ಮನುಷ್ಯ. ಕಟ್ಟಡವನ್ನು ನೋಡಿಕೊಳ್ಳುವ ಕಂಪನಿಯ ಮ್ಯಾನೇಜರ್. ಒಂದು ಕುಟುಂಬಕ್ಕೆಂದು ಕೊಟ್ಟ ಫ್ಲ್ಯಾಟಿನಲ್ಲಿ ಮಂಚಕ್ಕಿಷ್ಟು ಎಂದು ಬಾಡಿಗೆ ಪಡೆದು ಹತ್ತಾರು ಜನರನ್ನು ತುಂಬುವವರನ್ನು ಹಿಡಿಯಲು ಆಗಾಗ ಬರುವವನು. ಟಿ.ವಿ.ಗೂ ಅವನಿಗೂ ಸಂಬಂಧವೇ ಇರಲಿಲ್ಲ. ಅವನು ಬಾಗಿಲಲ್ಲಿ ನಿಂತು ಚಪ್ಪಲಿಗಳನ್ನು ನೋಡಿದ. ಒಳಗಿನ ಜನರನ್ನು ನೋಡಿದ. ಆಮೇಲೆ ಟಿ.ವಿ.ಗಳನ್ನು ಬೆರಳು ಮಡಚಿ ಎಣಿಸಿದ.

"ಕಿತ್ನಾ ನಫರ್ ಇಧರ್?" ಎಂದು ಗಲ್ಫಿನ ಹಿಂದಿಯಲ್ಲಿ ಗುಡುಗಿದ. ಇಲ್ಲಿ ಎಷ್ಟು ಜನ ಇದ್ದೀರಿ?

"ತ್ರೀ ನಫರ್ ಸಾರ್. ಐ, ವೈಫ್, ಡಾಟರ್."

"ತ್ರೀ ನಫರ್, ಸೆವೆನ್ ಟೆಲಿವಿಷನ್?" ಅವನ ಲೆಕ್ಕದಲ್ಲಿ ಏಳು ಟಿ.ವಿ. ಎಂದರೆ ಏಳು ಸಂಸಾರ. "ಖಲಾಸ್. ಯೂ ಗೋ ಔಟ್. ಫ್ಲ್ಯಾಟ್ ಕ್ಲೋಸ್."

ಮಗ್ದಲೀನ್ ಕೈಯಲ್ಲಿ ತೆಂಗಿನಹಾಲಿನ ಬಟ್ಟಲು ಹಿಡಿದು ಗಂಡನ ಮುಖ ನೋಡಿದಳು. ಊರಿನಲ್ಲಿ ರೋಸ್ ಶುರುವಾಗಿತ್ತು. ಅವಳ ಒಡೆದ ಫೋನಿನಿಂದ ವೋವಿ ಎಂಬ ಮದುವೆ ಹಾಡು ಸಣ್ಣಗೆ ಕೇಳುತ್ತಿತ್ತು. ಆನ್ಸೆಲ್ಮನ ಮರ್ಯಾದೆ ಒಂದು ಕಡೆ, ಆ ಮುಖ ಒಂದು ಕಡೆ. ಅವನು ಬಹಳ ಯೋಚಿಸಲಿಲ್ಲ.

"ಲೈಸನ್ಸ್ ಅಂತ ಇಲ್ಲ ಸಾರ್! ನಾನೇ ಸುಳ್ಳು ಹೇಳಿದ್ದು. ಭಾವಮೈದುನನ ಎದುರು ಶೋಕಿಗೆ ಹೇಳಿದ್ದು. ಇವರೆಲ್ಲ ನಂಬಿದ್ರು, ಆಮೇಲೆ ನಾನೂ ನಂಬಿದೆ. ಈ ಟಿ.ವಿ. ಎಲ್ಲ ಇವರದ್ದು!" ಎಂದು ಕನ್ನಡ, ಹಿಂದಿ, ಇಂಗ್ಲಿಷು ಎಲ್ಲ ಕಲಸಿ ಒಂದೇ ಉಸಿರಿಗೆ ಒಪ್ಪಿಕೊಂಡ. ಪರ್ಲ್ ಅದನ್ನು ಶಾಲೆಯ ಅರಬ್ಬಿಯಲ್ಲಿ ಬಿಡಿಸಿ ಹೇಳಿದಳು.

ಮ್ಯಾನೇಜರ್ ಟಿ.ವಿ.ಗಳನ್ನು ಇನ್ನೊಮ್ಮೆ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಟೆಲಿವಿಷನ್ ಲೈಸನ್ಸ್? ಮಾಫಿ! ಮಾಫಿ ಲೈಸನ್ಸ್!" ಎಂದು ಕೈ ಆಡಿಸಿದ.

ಅಂಥದ್ದು ಇಲ್ಲವೇ ಇಲ್ಲ ಎಂದು ಅವನೇ ಹೇಳಿದ ಮೇಲೆ ಎಲ್ಲರೂ ನಿಟ್ಟುಸಿರು ಬಿಡಬೇಕಿತ್ತು. ಯಾರೂ ಬಿಡಲಿಲ್ಲ. ಜಯಪಾಲನ ಕಣ್ಣಲ್ಲಿ ನೀರು ತುಂಬಿತ್ತು. ಅವನು ಖಮರುದ್ದೀನರ ಕಿವಿಯಲ್ಲಿ ಹೇಳಿದ: "ನೋಡಿ ಸಾಹೇಬ್ರೆ, ನಮ್ಮನ್ನು ಬಚಾವ್ ಮಾಡ್ಲಿಕ್ಕೆ ಎಷ್ಟು ಚಂದ ಸುಳ್ಳು ಹೇಳ್ತಾ ಇದ್ದಾರೆ ಈ ಮನುಷ್ಯ. ತನ್ನ ಲೈಸನ್ಸನ್ನೇ ಇಲ್ಲ ಅಂದುಬಿಟ್ರು."

"ಯಾರಿಗೆ ಲೈಸನ್ಸ್ ಉಂಟೋ ಇಲ್ವೋ," ಎಂದಳು ಮಗ್ದಲೀನ್, "ನಾನು ಟಿ.ವಿ. ಹಾಕುವುದೇ." ಹಾಕಿಯೇಬಿಟ್ಟಳು.

ಪರದೆಯ ತುಂಬ ರೋಸಿ. ಅವಳ ಪಕ್ಕದಲ್ಲಿ ಮೈಕು ಹಿಡಿದು ಮೆಲ್ವಿನ್. "ನಮ್ಮ ಆನ್ಸೆಲ್ಮ್ ಭಾವ ಈಗ ದುಬೈಯಿಂದ ನೋಡ್ತಾ ಇದ್ದಾರೆ. ಕದ್ದು ಮುಚ್ಚಿ ಅಲ್ಲ, ಕಾಯ್ದೆ ಪ್ರಕಾರ ಲೈಸನ್ಸ್ ತಗೊಂಡು! ಒಂದು ಚಪ್ಪಾಳೆ!" ಶಿರ್ವದ ಚಪ್ಪರದಲ್ಲಿ ಚಪ್ಪಾಳೆ ಬಿತ್ತು. ಆನ್ಸೆಲ್ಮನ ಹಾಲಿನಲ್ಲೂ ಬಿತ್ತು. ಏನೆಂದು ತಿಳಿಯದೆ ಮ್ಯಾನೇಜರನೂ ಎರಡು ಸಲ ತಟ್ಟಿದ. ಆನ್ಸೆಲ್ಮ್ ಗೋಡೆಯ ಕಡೆ ತಿರುಗಿ ನಿಂತ.

"ಈಗ ಅಮ್ಮನ ಬದಲಿಗೆ ದೊಡ್ಡಕ್ಕ," ಎಂದ ಮೆಲ್ವಿನ್.

ರೋಸಿ ಮೆಲ್ಲನೆ ಕ್ಯಾಮರಾದ ಕಡೆ ತಿರುಗಿದಳು. "ಅಕ್ಕ, ಹಾಕು," ಎಂದು ತಲೆ ಬಾಗಿಸಿದಳು. ಅವಳಿಗೆ ಅಕ್ಕ ಕಾಣಿಸುತ್ತಿರಲಿಲ್ಲ. ಆದರೂ ಬಾಗಿಸಿ ಕಾದಳು.

ಮಗ್ದಲೀನ್ ಪರದೆಯ ಹತ್ತಿರ ಹೋಗಿ ಬೆರಳಿನಿಂದ ತಂಗಿಯ ಹಣೆಯ ಮೇಲೆ ಶಿಲುಬೆಯ ಗುರುತು ಮಾಡಿದಳು. ಆಮೇಲೆ ಬಟ್ಟಲು ಎತ್ತಿ ಅವಳ ತಲೆಯ ಮೇಲೆ ಹಾಲು ಹೊಯ್ದಳು. ತಡೆಯಬೇಕೆಂದು ಯಾರಿಗೂ ತೋಚಲಿಲ್ಲ. ಫಾಯಿಝಾ ಸೆರಗಿನಿಂದ ಕಣ್ಣೊರೆಸಿಕೊಂಡರು. ಹಾಲು ರೋಸಿಯ ಕೂದಲ ಮೇಲೆ, ಕೆನ್ನೆಯ ಮೇಲೆ ಇಳಿದು ಪರದೆಯ ಕೆಳಗಿನ ಸೀಳಿನೊಳಗೆ ಹೋಯಿತು. ಚಟ್ ಎಂದಿತು. ರೋಸಿ ಮಾಯವಾದಳು.

"ಐ ಟೋಲ್ಡ್ ಯೂ, ಡ್ಯಾಡಿ," ಎಂದಳು ಪರ್ಲ್.

ಮಗ್ದಲೀನ್ ಬರಿದಾದ ಪರದೆಯ ಮುಂದೆ ಹಾಗೆಯೇ ನಿಂತಳು. ಮೊದಲು ಎಚ್ಚೆತ್ತವನು ಮ್ಯಾನೇಜರ್.

"ಯಲ್ಲಾ! ಯಲ್ಲಾ! ಅದರ್ ಟೆಲಿವಿಷನ್!" ಎಂದು ಎಲ್ಲರನ್ನೂ ಅವಸರಪಡಿಸಿದ.

ಆಗ ನೋಡಬೇಕಿತ್ತು. ನನ್ನದು ಹಾಕಿ, ನನ್ನದು ಹಾಕಿ ಎಂದು ಆರು ಮನೆಯವರು ಲುಂಗಿ, ಬೆಡ್‌ಶೀಟು ಬಿಚ್ಚಿ ಎಸೆದರು. ವೀಸಾ, ತಪಾಸಣೆ, ಮೊಳ ಯಾವುದೂ ಯಾರಿಗೂ ನೆನಪಿರಲಿಲ್ಲ. ಜಯಪಾಲನದು ಹತ್ತಿರವಿತ್ತು. ಖಮರುದ್ದೀನ್ ಎತ್ತಿ ಹಿಡಿದರು, ಮ್ಯಾನೇಜರ್ ಟಾರ್ಚ್ ಬಿಟ್ಟ, ಆನ್ಸೆಲ್ಮ್ ಇಂಟರ್ನೆಟ್ಟಿನ ಕಡ್ಡಿಯನ್ನು ಸತ್ತ ಟಿ.ವಿ.ಯಿಂದ ಕಿತ್ತು ಇದಕ್ಕೆ ಚುಚ್ಚಿದ. ರೋಸಿ ಮತ್ತೆ ಬಂದಳು. ಅವಳ ತಲೆಯಿಂದ ಹಾಲು ಸುರಿಯುತ್ತಿತ್ತು, ಯಾರು ಹೊಯ್ದರೋ ಏನೋ. ಅವಳು ಕ್ಯಾಮರಾ ನೋಡಿ ನಗುತ್ತಿದ್ದಳು. ಮಗ್ದಲೀನ್ ನಕ್ಕಳು, ಅತ್ತಳು, ಗಂಡನ ತೋಳು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಆನ್ಸೆಲ್ಮನಿಗೆ ಆ ವಾರದಲ್ಲಿ ಮೊದಲ ಬಾರಿಗೆ ಕೂತಲ್ಲಿ ಕೂರಲಾಯಿತು.

ಕೂರಲಾಗದವನು ಈಗ ಜಯಪಾಲ. ಇಷ್ಟು ಜನರ ಮುಂದೆ, ಮ್ಯಾನೇಜರನ ಮುಂದೆ, ಅವನ ಟಿ.ವಿ. ಲೈಸನ್ಸ್ ಇಲ್ಲದೆ ಓಡುತ್ತಿತ್ತು. ಅವನು ಎದ್ದ, ಕೂತ, ಮತ್ತೆ ಎದ್ದ. ಕೊನೆಗೆ ಯಾರೂ ನೋಡದಂತೆ ಸತ್ತ ಟಿ.ವಿ.ಯ ಹಿಂದೆ ಹೋಗಿ, ಹಸಿರು ಸ್ಟಿಕ್ಕರನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ ತಂದು, ತನ್ನ ಟಿ.ವಿ.ಯ ಬೆನ್ನಿಗೆ ಅಂಟಿಸಿ ಹೆಬ್ಬೆರಳಿನಿಂದ ಒತ್ತಿದ. ಆಮೇಲೆ ಬಂದು ನೆಮ್ಮದಿಯಿಂದ ಕೂತ.

ಪರ್ಲ್ ಅದನ್ನು ನೋಡಿದಳು. ಅದರಲ್ಲಿ ಬರೆದದ್ದು ಅವಳಿಗೆ ನೆನಪಿತ್ತು. ಎದ್ದು ಹೋಗಿ, ಬಟ್ಟಲಿನಲ್ಲಿ ಉಳಿದಿದ್ದ ತೆಂಗಿನಹಾಲನ್ನು ಅಮ್ಮನ ಕೈಯಿಂದ ತೆಗೆದುಕೊಂಡು ಅಡುಗೆಮನೆಯಲ್ಲಿ ಇಟ್ಟು ಬಂದಳು.